ಗಾಳಿ, ಗುಡ್ಡ ಮತ್ತು ಒಂದು ಮುಚ್ಚಳ: ಹವಾಯಿಯ ಮಳೆ ಲೆಕ್ಕ

ಹೊನೊಲುಲು ನಗರದ ವೈಕೀಕೀ ಕಡಲತೀರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅಲ್ಲಿಂದ ಏಳೆಂಟು ಕಿಲೋಮೀಟರ್ ಒಳಗೆ, ಮಾನೋವಾ ಕಣಿವೆಯ ತುದಿಯಲ್ಲಿರುವ ಲಯನ್ ಸಸ್ಯೋದ್ಯಾನದಲ್ಲಿ ಸುಮಾರು 4,000 ಮಿ.ಮೀ. ಊರು ಒಂದೇ. ಬಸ್ಸು ಹತ್ತುವಾಗ ಸುಡುಬಿಸಿಲು, ಇಳಿಯುವಾಗ ತುಂತುರು. ಕಣಿವೆಯಲ್ಲಿ ಮನೆ ಮಾಡಿಕೊಂಡವರ ಗೋಡೆಗೆ ಪಾಚಿ ಹಿಡಿದರೆ, ತೀರದಲ್ಲಿರುವವರು ಹೂದೋಟಕ್ಕೆ ಪೈಪು ಹಿಡಿದು ನಿಲ್ಲಬೇಕು. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಚಂಡಮಾರುತವೂ ಬೇಡ, ಮುಂಗಾರಿನಂಥ ಮಳೆಗಾಲವೂ ಬೇಡ. ಈಶಾನ್ಯದಿಂದ ಗಂಟೆಗೆ ಇಪ್ಪತ್ತು-ಮೂವತ್ತು ಕಿಲೋಮೀಟರ್ ವೇಗದಲ್ಲಿ ಬೀಸುವ ಸಾಧಾರಣ ಗಾಳಿ ಸಾಕು.

ಶಾಲೆಯ ಭೂಗೋಳದಲ್ಲಿ ‘ವಾಣಿಜ್ಯ ಮಾರುತ’ ಎಂದು ಎಲ್ಲರೂ ಓದಿದ ಗಾಳಿಯೇ ಇದು. ಭೂಮಧ್ಯರೇಖೆಯ ಬಳಿ ಕಾದು ಮೇಲೇರಿದ ಗಾಳಿ, ಮೇಲ್ಮಟ್ಟದಲ್ಲಿ ಧ್ರುವಗಳ ಕಡೆ ಸರಿದು, ಸುಮಾರು 30 ಡಿಗ್ರಿ ಅಕ್ಷಾಂಶದ ಹತ್ತಿರ ಕೆಳಗಿಳಿಯುತ್ತದೆ. ನೆಲದ ಮಟ್ಟದಲ್ಲಿ ಮತ್ತೆ ಭೂಮಧ್ಯರೇಖೆಯತ್ತ ಹೊರಡುತ್ತದೆ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1686ರಲ್ಲೇ ಈ ಗಾಳಿಗಳ ನಕ್ಷೆ ಬರೆದಿದ್ದ. ಅವು ನೇರವಾಗಿ ಬೀಸದೆ ಓರೆಯಾಗಿ ಬೀಸುವುದೇಕೆ ಎಂಬುದಕ್ಕೆ ಭೂಮಿಯ ತಿರುಗುವಿಕೆಯ ಕಾರಣ ಕೊಟ್ಟವನು ಜಾರ್ಜ್ ಹ್ಯಾಡ್ಲಿ ಎಂಬ ವಕೀಲ, 1735ರಲ್ಲಿ. ಹವಾಯಿಯ ಮುಖ್ಯ ದ್ವೀಪಗಳು 19ರಿಂದ 22 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ, ಈ ಗಾಳಿಯ ದಾರಿಯಲ್ಲೇ ಇವೆ. ಬೇಸಿಗೆಯಲ್ಲಿ ನೂರಕ್ಕೆ ಎಂಬತ್ತು-ತೊಂಬತ್ತು ದಿನ, ಚಳಿಗಾಲದಲ್ಲಿ ಅರ್ಧದಷ್ಟು ದಿನ ಅಲ್ಲಿ ಬೀಸುವುದು ಇದೇ ಗಾಳಿ.

ಆದರೆ ಗಾಳಿಯೊಂದೇ ಮಳೆ ತರುವುದಿಲ್ಲ. ಸುತ್ತಲಿನ ತೆರೆದ ಸಮುದ್ರದ ಮೇಲೆ ವರ್ಷಕ್ಕೆ ಆರೇಳು ನೂರು ಮಿ.ಮೀ. ಬಿದ್ದರೆ ಹೆಚ್ಚು. ದ್ವೀಪಗಳ ಸರಾಸರಿ ಅದರ ಎರಡು ಪಟ್ಟಿಗೂ ಮಿಗಿಲು. ಸಾವಿರಾರು ಕಿಲೋಮೀಟರ್ ಕಡಲ ಮೇಲೆ ತೇವ ಹೀರುತ್ತ ಬಂದ ಗಾಳಿಗೆ ಮೊದಲು ಅಡ್ಡ ಸಿಗುವುದು ಈ ಜ್ವಾಲಾಮುಖಿ ಬೆಟ್ಟಗಳು. ಏರಿದಂತೆ ಗಾಳಿ ತಣಿಯುತ್ತದೆ, ಆವಿ ಮೋಡವಾಗುತ್ತದೆ, ಗಾಳಿ ಬಡಿಯುವ ಮಗ್ಗುಲಲ್ಲಿ ಮಳೆ ಸುರಿಯುತ್ತದೆ. ಬೆಟ್ಟ ದಾಟಿ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ, ಮೋಡ ಕರಗಿ, ಆಚೆ ಬದಿ ಒಣಗುತ್ತದೆ.

ಇಷ್ಟನ್ನೇ ನಂಬಿ ಹೊರಟರೆ, ಬೆಟ್ಟ ಎತ್ತರವಾದಷ್ಟೂ ಮಳೆ ಹೆಚ್ಚಿರಬೇಕು. ಹವಾಯಿಯಲ್ಲಿ ಹಾಗಾಗುವುದಿಲ್ಲ. ಕೌವಾಯಿ ದ್ವೀಪದ ವೈಅಲೆಅಲೆ ಬೆಟ್ಟದ ಎತ್ತರ ಸುಮಾರು 1,570 ಮೀಟರ್. ಅಲ್ಲಿನ ಸರಾಸರಿ ಮಳೆ ಹತ್ತು ಸಾವಿರ ಮಿ.ಮೀ. ಆಸುಪಾಸು. ಜಗತ್ತಿನಲ್ಲೇ ಅತಿ ಹೆಚ್ಚು ನೆನೆಯುವ ಜಾಗಗಳ ಸಾಲಿನಲ್ಲಿ ಅದರ ಹೆಸರು ಇದ್ದೇ ಇರುತ್ತದೆ. ಹವಾಯಿ ದ್ವೀಪದ ಮೌನಾ ಕೆಯಾ 4,205 ಮೀಟರ್ ಎತ್ತರದ್ದು. ಅದರ ನೆತ್ತಿಯ ಮೇಲೆ ವರ್ಷಕ್ಕೆ ಬೀಳುವ ನೀರು, ಮಂಜನ್ನೂ ಸೇರಿಸಿ, ಮರುಭೂಮಿಯ ಲೆಕ್ಕದ್ದು.

ಕಾರಣ, ಆಕಾಶಕ್ಕೆ ಇಲ್ಲೊಂದು ಮುಚ್ಚಳವಿದೆ. ಉತ್ತರದಲ್ಲಿ ಕೆಳಗಿಳಿಯುತ್ತಿರುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಒಣಗುತ್ತದೆ. ಕೆಳಗಿನದು ಸಮುದ್ರ ಮುಟ್ಟಿಕೊಂಡು ಬರುವ ತಂಪು, ತೇವದ ಗಾಳಿ. ಎರಡೂ ಸಂಧಿಸುವ ಸುಮಾರು ಎರಡು ಕಿಲೋಮೀಟರ್ ಎತ್ತರದಲ್ಲಿ, ಮೇಲೆ ಹೋದಂತೆ ಇಳಿಯಬೇಕಾದ ಉಷ್ಣತೆ ಇದ್ದಕ್ಕಿದ್ದಂತೆ ಏರುತ್ತದೆ. ಹವಾಮಾನ ತಜ್ಞರು ಇನ್ವರ್ಶನ್ ಎನ್ನುವ ಈ ಪದರವನ್ನು ಭೇದಿಸಿ ಮೋಡ ಬೆಳೆಯಲಾರದು. ತಲೆ ಚಪ್ಪಟೆಯಾಗಿ ಅಲ್ಲಿಗೇ ನಿಲ್ಲುತ್ತದೆ. ವೈಅಲೆಅಲೆಯ ತುದಿ ಮುಚ್ಚಳದ ಕೆಳಗೇ ಇರುವುದರಿಂದ ಮೋಡ ಅದನ್ನು ಪೂರ್ತಿ ಆವರಿಸುತ್ತದೆ. ಅದರ ಬದಿಗಳೂ ಕಡಿದಾಗಿ, ಗಾಳಿಯನ್ನು ಒಮ್ಮೆಲೇ ಮೇಲಕ್ಕೆಸೆಯುವಂತಿವೆ. ತುದಿಯಲ್ಲಿಟ್ಟ ಮಳೆಮಾಪಕವನ್ನು ನೋಡಿಕೊಳ್ಳುವ ಸಿಬ್ಬಂದಿ ಹೆಲಿಕಾಪ್ಟರಿನಲ್ಲಿ ಹೋಗಬೇಕು, ಅದೂ ಮೋಡ ಸರಿದಾಗ ಮಾತ್ರ.

ಮೌನಾ ಕೆಯಾ ಆ ಮುಚ್ಚಳವನ್ನು ತೂರಿಕೊಂಡು ನಿಂತಿದೆ. ಗಾಳಿ ಅದನ್ನು ಹತ್ತಲಾರದೆ ಸುತ್ತುವರಿದು ಹೋಗುತ್ತದೆ. ಬುಡದ ಪೂರ್ವಕ್ಕಿರುವ ಹಿಲೋ ಪಟ್ಟಣಕ್ಕೆ 3,200 ಮಿ.ಮೀ. ಮಳೆ, ಪಶ್ಚಿಮದ ಕವೈಹಾಯೆ ಬಂದರಿಗೆ 250 ಮಿ.ಮೀ. ಕೂಡ ದಕ್ಕುವುದು ಕಷ್ಟ. ಮೇಲಿನ ಒಣ, ಶುಭ್ರ ಗಾಳಿಯೇ ಖಗೋಳ ವಿಜ್ಞಾನಿಗಳನ್ನು ಅಲ್ಲಿಗೆ ಸೆಳೆದದ್ದು. ನೆರೆಯ ಮೌನಾ ಲೋವಾ ಬೆಟ್ಟದ ವೀಕ್ಷಣಾಲಯದಲ್ಲಿ 1958ರಿಂದ ವಾತಾವರಣದ ಇಂಗಾಲದ ಡೈಆಕ್ಸೈಡ್ ಅಳೆಯುತ್ತ ಬಂದಿರುವುದಕ್ಕೂ ಇದೇ ಕಾರಣ: ಊರಿನ, ಕಾಡಿನ ಉಸಿರು ಮುಚ್ಚಳದ ಕೆಳಗೇ ಉಳಿಯುತ್ತದೆ. ಮೌನಾ ಕೆಯಾದ ಮೇಲೆ ಯೋಜಿಸಿರುವ ಮೂವತ್ತು ಮೀಟರ್ ದೂರದರ್ಶಕದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೂ ಪಾಲಿದೆ. ಆ ಬೆಟ್ಟವನ್ನು ಪವಿತ್ರವೆಂದು ಕಾಣುವ ಮೂಲನಿವಾಸಿಗಳ ವಿರೋಧದಿಂದ ಅಲ್ಲಿ ಕಟ್ಟಡದ ಕೆಲಸ ನಿಂತಿದೆ.

ಮುಚ್ಚಳಕ್ಕೆ ಸಿಕ್ಕಿ ಮೋಡ ಗಿಡ್ಡವಾಗಿಯೇ ಉಳಿದರೂ ಮಳೆ ಬರುವುದು ಹೇಗೆ? ನಮ್ಮ ಮುಂಗಾರು ಪೂರ್ವದ ಗುಡುಗು ಮೋಡ ಹತ್ತು ಕಿಲೋಮೀಟರಿಗೂ ಮೇಲೇರಿ, ಒಳಗೆ ಮಂಜುಗಡ್ಡೆ ಕಟ್ಟಿಕೊಂಡು ಮಳೆ ಹಾಕುತ್ತದೆ. ಹವಾಯಿಯ ಮೋಡದಲ್ಲಿ ಮಂಜಿನ ಕಣವೇ ಇಲ್ಲ. ನೀರು ಹೆಪ್ಪುಗಟ್ಟುವ ಎತ್ತರ ಅದರ ತಲೆಗಿಂತ ಎಷ್ಟೋ ಮೇಲಿದೆ. ಅಲ್ಲಿ ಕೆಲಸ ಮಾಡುವುದು ಉಪ್ಪು. ಅಲೆ ಒಡೆದಾಗ ಸಿಡಿದ ತುಂತುರು ಒಣಗಿ, ಉಪ್ಪಿನ ಕಣಗಳು ಗಾಳಿಯಲ್ಲಿ ತೇಲುತ್ತವೆ. ದೊಡ್ಡ ಕಣದ ಸುತ್ತ ನೀರು ಬೇಗ ಕೂಡುತ್ತದೆ. ಹಾಗೆ ದಪ್ಪವಾದ ಹನಿ ತನ್ನ ಭಾರಕ್ಕೆ ಕೆಳಗೆ ಜಾರುತ್ತ, ದಾರಿಯಲ್ಲಿ ಸಿಕ್ಕ ಸಣ್ಣ ಹನಿಗಳನ್ನೆಲ್ಲ ನುಂಗುತ್ತ ಬರುತ್ತದೆ. ಒಂದು ಮಳೆಹನಿಯಾಗಲು ಹತ್ತು ಲಕ್ಷದಷ್ಟು ಮೋಡದ ಹನಿಗಳು ಒಂದಾಗಬೇಕು. ಕಡಲ ಮೇಲಿನ ಗಾಳಿಯಲ್ಲಿ ಈ ಉಪ್ಪಿನ ಕಣಗಳನ್ನು ಹಿಡಿದು ಅಳೆದವರಲ್ಲಿ ಅಮೆರಿಕದ ಆಲ್ಫ್ರೆಡ್ ವುಡ್‌ಕಾಕ್ ಮೊದಲಿಗರು. 1980ರ ದಶಕದಲ್ಲಿ ಹಿಲೋ ಕರಾವಳಿಯಾಚೆ ವಿಮಾನ ಹಾರಿಸಿದ ವಿಜ್ಞಾನಿಗಳಿಗೆ ಇಂಥ ಗಿಡ್ಡ ಮೋಡಗಳಲ್ಲೇ ನಾಲ್ಕೈದು ಮಿ.ಮೀ. ದಪ್ಪದ ಹನಿಗಳು ಸಿಕ್ಕಿದವು.

ಈ ಮಳೆಗೂ ಒಂದು ಹೊತ್ತು ಇದೆ. ಹೆಚ್ಚಾಗಿ ಬರುವುದು ರಾತ್ರಿ ಮತ್ತು ಬೆಳಗಿನ ಜಾವ. ರಾತ್ರಿ ಮೋಡದ ತಲೆ ಶಾಖ ಕಳೆದುಕೊಂಡು ತಣ್ಣಗಾಗುತ್ತದೆ, ಬುಡದಲ್ಲಿ ಸಮುದ್ರ ಮಾತ್ರ ಬೆಚ್ಚಗೇ ಇರುತ್ತದೆ. ಮೋಡದ ಒಳಗಿನ ಏರಿಳಿತಕ್ಕೆ ಕಸುವು ಬರುತ್ತದೆ. ಹಿಲೋದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಕತ್ತಲಾದ ಮೇಲೆ ಬೆಟ್ಟದಿಂದ ಇಳಿದ ತಂಗಾಳಿ ಕಡಲ ಮೇಲೆ ವಾಣಿಜ್ಯ ಮಾರುತಕ್ಕೆ ಎದುರಾಗಿ, ತೀರದಾಚೆ ಮೋಡದ ಸಾಲು ಕಟ್ಟುತ್ತದೆ. ಆ ಸಾಲು ನಸುಕಿನಲ್ಲಿ ಊರ ಮೇಲೆ ಬಂದು ಸುರಿಯುತ್ತದೆ.

ಹೊನೊಲುಲುವಿನ ಹವಾಮಾನ ವರದಿಯಲ್ಲಿ ವರ್ಷವಿಡೀ ಕೇಳುವ ಮಾತು ‘ವಿಂಡ್‌ವರ್ಡ್ ಮತ್ತು ಮೌಕಾ ಶವರ್ಸ್’. ಎಂದರೆ, ಗಾಳಿಗೆ ಎದುರಾದ ಬದಿಯಲ್ಲೂ ಬೆಟ್ಟದ ಕಡೆಯೂ ಚೂರುಪಾರು ಮಳೆ. ಅಲ್ಲಿ ದಾರಿ ಹೇಳುವವರು ಪೂರ್ವ-ಪಶ್ಚಿಮಕ್ಕಿಂತ ಬೆಟ್ಟದ ಕಡೆ, ಕಡಲ ಕಡೆ ಎಂದೇ ಹೇಳುವುದು ರೂಢಿ. ಮಳೆಯ ವರದಿಯೂ ಅದೇ ಜಾಡಿನಲ್ಲಿದೆ. ಹತ್ತು ನಿಮಿಷಕ್ಕೆ ಹೊಳವಾಗುವ ಮಳೆಗೆ ಛತ್ರಿ ಬಿಚ್ಚುವವರು ಕಡಿಮೆ. ಚೂರುಪಾರು ಮೋಡ, ನಡುನಡುವೆ ಬಿಸಿಲು, ತೊಳೆದಂಥ ಗಾಳಿ ಸೇರಿದರೆ ಕಾಮನಬಿಲ್ಲಿಗೆ ಇನ್ನೇನು ಬೇಕು? ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಕೆಳಗಿರುವಾಗ ಅದು ನೆಲದಲ್ಲಿ ನಿಂತವರಿಗೆ ಕಾಣುತ್ತದೆ. ಸಂಜೆ ಸೂರ್ಯ ಪಶ್ಚಿಮಕ್ಕೆ ವಾಲಿದಾಗ ಹೊನೊಲುಲುವಿನ ಪೂರ್ವಕ್ಕಿರುವ ಕೋವೊಲೌ ಬೆಟ್ಟಸಾಲಿನ ಮೇಲೆ ಮಳೆ ಜಿನುಗುತ್ತಿರುತ್ತದೆ. ರಾಜ್ಯದ ವಾಹನಗಳ ನಂಬರ್ ಪ್ಲೇಟಿನ ಮೇಲೆ ಕಾಮನಬಿಲ್ಲಿದೆ. ಹವಾಯಿ ವಿಶ್ವವಿದ್ಯಾಲಯದ ಕ್ರೀಡಾ ತಂಡದ ಹೆಸರೇ ರೇನ್‌ಬೋ ವಾರಿಯರ್ಸ್.

ಕನ್ನಡ ನಾಡಿಗೆ ಈ ಲೆಕ್ಕ ಹೊಸದಲ್ಲ. ಆಗುಂಬೆಯಲ್ಲಿ ಏಳು ಸಾವಿರ ಮಿ.ಮೀ.ಗೂ ಹೆಚ್ಚು, ಘಟ್ಟದ ಮಳೆ ನೆರಳಿನ ಚಳ್ಳಕೆರೆಯಲ್ಲಿ ಐನೂರರ ಆಸುಪಾಸು. ನಂಟು ಇನ್ನೂ ಹತ್ತಿರದ್ದು: ದಕ್ಷಿಣಾರ್ಧ ಗೋಳದ ಆಗ್ನೇಯ ವಾಣಿಜ್ಯ ಮಾರುತವೇ ಭೂಮಧ್ಯರೇಖೆ ದಾಟಿ, ಬಲಕ್ಕೆ ಹೊರಳಿ, ನೈಋತ್ಯ ಮುಂಗಾರಾಗಿ ಕೊಡಗು-ಮಲೆನಾಡಿಗೆ ಬರುತ್ತದೆ. ವ್ಯತ್ಯಾಸವಿರುವುದು ಕಾಲದಲ್ಲಿ. ಇಲ್ಲಿ ನಾಲ್ಕು ತಿಂಗಳ ಜಡಿಮಳೆ. ಅಲ್ಲಿ ವರ್ಷವಿಡೀ ಕಂತು ಕಂತಾಗಿ. ಹವಾಯಿಯಲ್ಲೂ ಕಾಫಿ ಬೆಳೆಯುತ್ತಾರೆ, ಆದರೆ ಪ್ರಸಿದ್ಧ ಕೋನಾ ಕಾಫಿಯ ತೋಟಗಳಿರುವುದು ಗಾಳಿಗೆ ಮರೆಯಾದ ಪಶ್ಚಿಮದ ಇಳಿಜಾರಿನಲ್ಲಿ. ದೊಡ್ಡ ಬೆಟ್ಟಗಳು ವಾಣಿಜ್ಯ ಮಾರುತವನ್ನು ತಡೆದುದರಿಂದ ಅಲ್ಲಿ ಹಗಲಿನ ಕಡಲಗಾಳಿಗೆ ಅವಕಾಶ ಸಿಕ್ಕು, ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಳೆ ಬರುತ್ತದೆ.

ಗಾಳಿ ನಿಂತ ದಿನ ದ್ವೀಪದವರಿಗೆ ತಿಳಿದೇ ತಿಳಿಯುತ್ತದೆ. ಸೆಕೆ ಏರುತ್ತದೆ; ಕೀಲವೇಯಾ ಜ್ವಾಲಾಮುಖಿ ಉಗುಳುತ್ತಿದ್ದರೆ ಅದರ ಗಂಧಕದ ಮಬ್ಬು ಮುನ್ನೂರು ಕಿಲೋಮೀಟರ್ ದೂರದ ಹೊನೊಲುಲುವಿನ ತನಕ ಬರುತ್ತದೆ. ಗಾಳಿ ಅತಿಯಾದರೂ ಅಪಾಯ. 2023ರ ಆಗಸ್ಟ್ 8ರಂದು ಉತ್ತರದಲ್ಲಿ ಅಧಿಕ ಒತ್ತಡ ಬಲವಾಗಿತ್ತು, ದಕ್ಷಿಣದಲ್ಲಿ ದೂರದಿಂದ ಡೋರಾ ಚಂಡಮಾರುತ ಹಾದುಹೋಗುತ್ತಿತ್ತು. ಮಾವಿ ದ್ವೀಪದ ಪಶ್ಚಿಮ ಬೆಟ್ಟಗಳಿಂದ ರಭಸವಾಗಿ ಇಳಿದ ಒಣಗಾಳಿಗೆ ಸಿಕ್ಕಿದ ಬೆಂಕಿ, ಪಾಳುಬಿದ್ದ ಕಬ್ಬಿನ ಹೊಲಗಳಲ್ಲಿ ಬೆಳೆದ ಹುಲ್ಲನ್ನು ಸುಟ್ಟು ಲಹೈನಾ ಪಟ್ಟಣವನ್ನು ಬೂದಿ ಮಾಡಿತು. ಸತ್ತವರು ನೂರಕ್ಕೂ ಹೆಚ್ಚು.

ಬೆಟ್ಟದ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಬಿಸಿಲು ಎಂಬ ಹಂಚಿಕೆಯನ್ನು ಕಬ್ಬಿನ ಕಂಪನಿಗಳು ಒಪ್ಪಲಿಲ್ಲ. ಕಬ್ಬಿಗೆ ಎರಡೂ ಬೇಕು. 1913ರಿಂದ 1916ರ ವೇಳೆಗೆ, ಹೊನೊಲುಲು ಇರುವ ಓವಾಹು ದ್ವೀಪದಲ್ಲಿ ಕೋವೊಲೌ ಬೆಟ್ಟವನ್ನೇ ಸುರಂಗ ಕೊರೆದು, ಮಳೆಯ ಬದಿಯ ತೊರೆಗಳ ನೀರನ್ನು ಒಣ ಬದಿಯ ಹೊಲಗಳಿಗೆ ತಿರುಗಿಸಿದ ವೈಯಾಹೋಲೆ ಕಾಲುವೆ ಬಂತು. ಆಚೆ ಬದಿಯಲ್ಲಿ ಕೆಸುವಿನ ಗದ್ದೆಗಳಿಗೆ ಹರಿಯುತ್ತಿದ್ದ ತೊರೆಗಳು ಸೊರಗಿದವು. 1995ರಲ್ಲಿ ಈ ಕಾಲುವೆಯ ನೀರು ಬಳಸುತ್ತಿದ್ದ ಕಂಪನಿ ಕಬ್ಬು ಬಿಟ್ಟಾಗ, ಉಳಿದ ನೀರು ಯಾರಿಗೆ ಎಂಬ ಜಗಳ ನ್ಯಾಯಾಲಯ ಹತ್ತಿತು. ನೀರು ಸಾರ್ವಜನಿಕ ಸ್ವತ್ತು, ತೊರೆಗಳಿಗೂ ಅದರಲ್ಲಿ ಪಾಲಿದೆ ಎಂದು ಹವಾಯಿಯ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿತು.

ಈಗಿನ ಚಿಂತೆ ಗಾಳಿಯದೇ. ಹೊನೊಲುಲು ವಿಮಾನ ನಿಲ್ದಾಣದ ದಾಖಲೆ ತೆಗೆದು ನೋಡಿದ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು, 1970ರ ದಶಕದ ಆರಂಭದಲ್ಲಿ ವರ್ಷಕ್ಕೆ 291 ದಿನ ಬೀಸುತ್ತಿದ್ದ ಈಶಾನ್ಯ ಮಾರುತ 2009ರ ಹೊತ್ತಿಗೆ 210 ದಿನಕ್ಕೆ ಇಳಿದುದನ್ನು 2012ರಲ್ಲಿ ಪ್ರಕಟಿಸಿದರು. ಓವಾಹುವಿನಲ್ಲಿ ಕುಡಿಯುವ ನೀರು ಬರುವುದು ನೆಲದಡಿಯಿಂದ; ಬೆಟ್ಟದ ಮೇಲೆ ಬಿದ್ದ ಮಳೆ ಲಾವಾ ಬಂಡೆಯಲ್ಲಿ ಇಂಗಿ ಅಲ್ಲಿಗೆ ತಲುಪಲು ಸುಮಾರು 25 ವರ್ಷ ಹಿಡಿಯುತ್ತದೆ ಎನ್ನುತ್ತದೆ ನಗರದ ನೀರು ಮಂಡಳಿ. ಗಾಳಿಯನ್ನು ಯಾರೂ ಕರೆಸಲಾರರು. ಹಾಗಾಗಿ ಕೆಲಸ ನಡೆಯುತ್ತಿರುವುದು ಮಳೆ ಹಿಡಿಯುವ ಕಾಡಿನಲ್ಲಿ: ನೆಲ ಅಗೆಯುವ ಕಾಡುಹಂದಿಗಳು ನುಗ್ಗದಂತೆ ಬೇಲಿ ಹಾಕುವುದು, ಹೊರಗಿನಿಂದ ಬಂದು ಬೆಟ್ಟವನ್ನೆಲ್ಲ ಆಕ್ರಮಿಸಿರುವ ಸ್ಟ್ರಾಬೆರಿ ಪೇರಲೆ ಗಿಡಗಳನ್ನು ಕಡಿಯುವುದು, ಅಲ್ಲಿನ ಸ್ವಂತ ಮರವಾದ ಓಹಿಯಾ ಮತ್ತೆ ಬೆಳೆಯಲು ಜಾಗ ಬಿಡುವುದು.