ದೇಹೂ ರೋಡ್ ಆಸ್ಪತ್ರೆ ನಾಳೆ ಯಾರದು? ಎಂಟು ವಾರದೊಳಗೆ ಬರೆಯಬೇಕಾದ ಅರ್ಜಿ

ಪುಣೆಯಿಂದ ಲೋಣಾವಳದ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಆಕುರ್ಡಿ ದಾಟಿದ ಕೂಡಲೇ ಸಿಗುವ ನಿಲ್ದಾಣ ದೇಹೂ ರೋಡ್. ಸಂತ ತುಕಾರಾಮರ ದೇಹೂ ಗ್ರಾಮಕ್ಕೆ ಹೋಗುವವರು ಇಳಿಯುವ ಜಾಗವೆಂದೇ ಹೊರಗಿನವರಿಗೆ ಇದರ ಪರಿಚಯ. 1954ರ ಡಿಸೆಂಬರ್ 25ರಂದು ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು ಇಲ್ಲಿಯ ವಿಹಾರದಲ್ಲಿ ಬುದ್ಧನ ಮೂರ್ತಿಯನ್ನು ಸ್ಥಾಪಿಸಿದರೆಂಬ ಹೆಮ್ಮೆಯೂ ಈ ಊರಿಗಿದೆ. ಆದರೆ ಇಲ್ಲಿ ಬದುಕು ಕಟ್ಟಿಕೊಂಡವರಿಗೆ ದೇಹೂ ರೋಡ್ ಎಂದರೆ ಮೊದಲು ಸೈನ್ಯದ ಡಿಪೋ, ಆಮೇಲೆ ಆರ್ಡ್‌ನನ್ಸ್ ಫ್ಯಾಕ್ಟರಿ, ಆಮೇಲೆ ಬಜಾರು. ಈ ಮೂರನ್ನು ನಂಬಿ ಬಂದ ತಮಿಳರು, ತೆಲುಗರು, ಮಲಯಾಳಿಗಳ ಜೊತೆಗೆ ವಿಜಾಪುರ, ಕಲಬುರ್ಗಿ, ಬೀದರ, ಬೆಳಗಾವಿ ಕಡೆಯ ನಮ್ಮ ಕನ್ನಡಿಗರೂ ಮರಾಠಿ ಮಣ್ಣಿನಲ್ಲಿ ಬೇರು ಬಿಟ್ಟಿದ್ದಾರೆ.

ಈ ಊರಿಗೆ ನಗರಸಭೆ ಇಲ್ಲ. ನಳದ ನೀರು, ಗಟಾರು, ಬೀದಿದೀಪ, ಶಾಲೆ, ಆಸ್ಪತ್ರೆ ಎಲ್ಲವನ್ನೂ ನೋಡಿಕೊಳ್ಳಬೇಕಾದದ್ದು ಕೇಂದ್ರ ರಕ್ಷಣಾ ಸಚಿವಾಲಯದ ಅಧೀನದಲ್ಲಿರುವ ಕಂಟೋನ್ಮೆಂಟ್ ಬೋರ್ಡು. ಆಸ್ಪತ್ರೆ, ದವಾಖಾನೆಗಳನ್ನು ನಡೆಸುವುದು ಅಥವಾ ಅವುಗಳಿಗೆ ನೆರವಾಗುವುದು 2006ರ ಕಂಟೋನ್ಮೆಂಟ್ ಕಾಯ್ದೆ ಬೋರ್ಡಿಗೆ ಹೊರಿಸಿರುವ ಕರ್ತವ್ಯಗಳಲ್ಲೊಂದು. 2011ರ ಜನಗಣತಿಯಂತೆ ಸುಮಾರು 49 ಸಾವಿರ ಜನರಿದ್ದ ಈ ಪ್ರದೇಶದಲ್ಲಿ ಕಿನ್ಹಯಿ, ಚಿಂಚೋಲಿ, ಶೀತಲಾನಗರ, ಗಾಂಧಿನಗರ, ಎಂ.ಬಿ. ಕ್ಯಾಂಪ್ ಕಡೆಯ ಬಡವರಿಗೆ ಕಾಲ್ನಡಿಗೆಯಲ್ಲೋ ರಿಕ್ಷಾದಲ್ಲೋ ತಲುಪಬಹುದಾದ ಸರಕಾರಿ ಆಸ್ಪತ್ರೆಯೆಂದರೆ ಬೋರ್ಡಿನದ್ದೇ. ಜ್ವರ, ಕೆಮ್ಮು, ನಾಯಿಕಡಿತ, ಮಕ್ಕಳ ಚುಚ್ಚುಮದ್ದು, ಬಿ.ಪಿ. ಮಾತ್ರೆ ಮುಂತಾದ ದಿನನಿತ್ಯದ ತಾಪತ್ರಯಗಳಿಗೆ ಜನ ಮೊದಲು ನೋಡುವುದು ಇಂಥ ಊರಾಸ್ಪತ್ರೆಯ ಬಾಗಿಲನ್ನೇ. ದೊಡ್ಡ ಆಸ್ಪತ್ರೆಯ ಮಾತು ಆಮೇಲಿನದು.

ಈಗ ಈ ಬೋರ್ಡೇ ಇರುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದ್ದಿದೆ. ದೇಶದ ಕಂಟೋನ್ಮೆಂಟುಗಳ ನಾಗರಿಕ ವಸತಿ ಪ್ರದೇಶಗಳನ್ನು ಬೇರ್ಪಡಿಸಿ ಪಕ್ಕದ ಸ್ಥಳೀಯ ಸಂಸ್ಥೆಗಳಿಗೆ ಸೇರಿಸುವ ನೀತಿಯನ್ನು ಕೇಂದ್ರ ಸರಕಾರ ಕೈಗೆತ್ತಿಕೊಂಡಿದೆ. 2023ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಯೋಲ್ ಕಂಟೋನ್ಮೆಂಟಿನಿಂದ ಈ ಕೆಲಸ ಆರಂಭವಾಯಿತು. 2024ರ ಮಾರ್ಚ್‌ನಲ್ಲಿ ನಾಶಿಕದ ದೇವಳಾಲಿಯೂ ಸೇರಿದಂತೆ ಇನ್ನಷ್ಟು ಕಂಟೋನ್ಮೆಂಟುಗಳಿಗೆ ಕರಡು ಅಧಿಸೂಚನೆ ಹೊರಟಿತು. ಮಹಾರಾಷ್ಟ್ರದಲ್ಲಿ ಪುಣೆ ಕ್ಯಾಂಪ್, ಖಡಕಿ, ದೇಹೂ ರೋಡ್, ದೇವಳಾಲಿ, ಅಹಮದನಗರ, ಔರಂಗಾಬಾದ್, ಕಾಮ್ಠಿ ಹೀಗೆ ಒಟ್ಟು ಏಳು ಕಂಟೋನ್ಮೆಂಟುಗಳಿವೆ. ದೇಹೂ ರೋಡನ್ನು ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿಸಬೇಕೆಂಬ ಮಾತೂ, ಪ್ರತ್ಯೇಕ ನಗರ ಪರಿಷತ್ತು ಮಾಡಬೇಕೆಂಬ ಮಾತೂ ಕೇಳಿಬಂದಿವೆ.

ಊರಿನಲ್ಲಿ ಈ ಬಗ್ಗೆ ಮಾತು ಬಂದಾಗಲೆಲ್ಲ ಮೊದಲು ಏಳುವುದು ಮನೆಯ ವಿಷಯ. ಮಾಡು ರಿಪೇರಿಗೆ ಅನುಮತಿ, ಇನ್ನೊಂದು ಅಂತಸ್ತು, ಜಾಗದ ದಾಖಲೆ, ತೆರಿಗೆ. ಇದು ಸಹಜವೇ. ಕಂಟೋನ್ಮೆಂಟಿನ ಕಟ್ಟಡ ನಿಯಮಗಳ ಬಿಗಿಯನ್ನು ಅನುಭವಿಸಿದವರಿಗೇ ಗೊತ್ತು. ಆದರೆ ಈ ಗಲಾಟೆಯಲ್ಲಿ ಆಸ್ಪತ್ರೆಯ ಹೆಸರು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಸ್ವಂತ ಮನೆ ಇದ್ದವನಿಗೆ ಮನೆಯ ಚಿಂತೆ ಸರಿ. ಬಾಡಿಗೆ ಖೋಲಿಯಲ್ಲಿ ಐದು ಜನ ಮಲಗುವ ಕುಟುಂಬಕ್ಕೆ ಕಟ್ಟಡ ನಿಯಮಕ್ಕಿಂತ ಹೆರಿಗೆ ಕೋಣೆ ಹತ್ತಿರದ ವಿಷಯವಲ್ಲವೇ?

ಸರಕಾರದ ಕಾಗದಗಳಲ್ಲಿ ಏನಿದೆ ಎಂದು ನೋಡೋಣ. ಬೇರ್ಪಡಿಸುವ ವಿಧಾನದ ಕುರಿತು 2024ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಾಗರಿಕ ಸೌಲಭ್ಯಕ್ಕಾಗಿ ನಿರ್ಮಿಸಿದ ಆಸ್ತಿಗಳ ಹಕ್ಕು ಬೆಲೆ ಇಲ್ಲದೆ ರಾಜ್ಯಕ್ಕೆ ಅಥವಾ ಅಲ್ಲಿಯ ಸ್ಥಳೀಯ ಸಂಸ್ಥೆಗೆ ಹೋಗುತ್ತದೆ. ಬೋರ್ಡಿನ ಆಸ್ತಿಯೂ ಸಾಲಭಾರವೂ ಜೊತೆಗೇ ಹೋಗುತ್ತವೆ. ನೆಲದ ಒಡೆತನ ಮಾತ್ರ ಭಾರತ ಸರಕಾರದ ಬಳಿ ಉಳಿಯುತ್ತದೆ. ಅಂದರೆ ಆಸ್ಪತ್ರೆಯ ಕಟ್ಟಡ ಮತ್ತು ಮಂಚಗಳು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಜಮೆಯಾಗುತ್ತವೆ ಎಂಬುದು ಸ್ಪಷ್ಟ. ಆ ಮಂಚಗಳ ಪಕ್ಕದಲ್ಲಿ ಡಾಕ್ಟರು ಇರುತ್ತಾರೆಯೇ, ರಾತ್ರಿ ಹನ್ನೆರಡಕ್ಕೆ ಬಾಗಿಲು ತೆರೆದಿರುತ್ತದೆಯೇ ಎಂಬ ಪ್ರಶ್ನೆಗೆ ಆಸ್ತಿ ವರ್ಗಾವಣೆಯ ಮಾತಿನಲ್ಲಿ ಉತ್ತರವಿಲ್ಲ. ಕಟ್ಟಡ ಇರುವುದು ಬೇರೆ, ಸೇವೆ ಇರುವುದು ಬೇರೆ.

ಹಾಗೆಂದು ಇದ್ದದ್ದು ಇದ್ದಂತೆಯೇ ಇರಲಿ ಎನ್ನುವುದೂ ಸುಲಭವಲ್ಲ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದ ಮೇಲೆ ಸ್ಥಳೀಯ ಪ್ರವೇಶ ತೆರಿಗೆಯ ಆದಾಯ ನಿಂತು ಕಂಟೋನ್ಮೆಂಟ್ ಬೋರ್ಡುಗಳ ಕೈ ಬಿಗಿಯಾಯಿತು. ಮಹಾನಗರಪಾಲಿಕೆಗಳಿಗೆ ರಾಜ್ಯದಿಂದ ನಷ್ಟ ಪರಿಹಾರ ಬಂದಂತೆ ಬೋರ್ಡುಗಳಿಗೆ ಬರಲಿಲ್ಲ ಎಂಬುದು ಬಹುಕಾಲದ ದೂರು. ಆದಾಯ ಕುಗ್ಗಿದ ಸಂಸ್ಥೆ ಮೊದಲು ಕೈ ಹಿಡಿಯುವುದು ಹೊಸ ನೇಮಕಾತಿಯಲ್ಲಿ ಮತ್ತು ಔಷಧ ಖರೀದಿಯಲ್ಲಿ. ಇದಕ್ಕೆ ವಿಶೇಷ ಲೆಕ್ಕಶಾಸ್ತ್ರ ಬೇಕಿಲ್ಲ. ಆದ್ದರಿಂದ ದೊಡ್ಡ ಬಜೆಟ್ಟಿನ ಪಿಂಪ್ರಿ-ಚಿಂಚವಡ ಪಾಲಿಕೆಗೆ ಸೇರಿದರೆ ಆಸ್ಪತ್ರೆ ಸುಧಾರಿಸೀತು ಎಂಬ ಆಸೆಗೂ ಆಧಾರವಿದೆ. ಪಾಲಿಕೆಯ ಯಶವಂತರಾವ್ ಚವ್ಹಾಣ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ವೈ.ಸಿ.ಎಂ., ಈ ಭಾಗದ ಅತಿ ದೊಡ್ಡ ಸಾರ್ವಜನಿಕ ಆಸ್ಪತ್ರೆ. ಆಕುರ್ಡಿಯಲ್ಲೂ ಪಾಲಿಕೆಯ ಆಸ್ಪತ್ರೆ ಇದೆ.

ಅಪಾಯ ಅಡಗಿರುವುದೂ ಅಲ್ಲೇ. ಹತ್ತಿರದಲ್ಲಿ ದೊಡ್ಡದಿದೆ ಎಂಬ ಕಾರಣಕ್ಕೇ ಚಿಕ್ಕದನ್ನು ಬರೀ ಹೊರರೋಗಿ ದವಾಖಾನೆಯ ಮಟ್ಟಕ್ಕೆ ಇಳಿಸುವುದು ಆಡಳಿತಕ್ಕೆ ಸುಲಭದ ದಾರಿ. ವೈ.ಸಿ.ಎಂ. ಇರುವುದು ಪಿಂಪ್ರಿಯ ಸಂತ ತುಕಾರಾಮನಗರದಲ್ಲಿ. ತುಕಾರಾಮರ ಹೆಸರೇನೋ ಇದೆ, ಆದರೆ ತುಕಾರಾಮರ ಊರ ದಾರಿಯಿಂದ ಅದು ಹತ್ತು ಕಿ.ಮೀ.ಗೂ ಮಿಕ್ಕಿ ದೂರ. ಹಗಲು ಹೊತ್ತು ಲೋಕಲ್ ಹಿಡಿದು ಹೋಗಬಹುದು. ನಡುರಾತ್ರಿ ಹೊಟ್ಟೆನೋವಿನಲ್ಲಿ ಒದ್ದಾಡುವವರನ್ನು ಹಳೇ ಮುಂಬಯಿ-ಪುಣೆ ಹೆದ್ದಾರಿಯಲ್ಲಿ ಕರೆದೊಯ್ಯುವ ಖರ್ಚು ಕೂಲಿಯವನ ಒಂದು ದಿನದ ದುಡಿಮೆಯನ್ನು ನುಂಗುತ್ತದೆ. ಇನ್ನೊಂದು ನೆನಪಿಡಬೇಕಾದ ಸಂಗತಿ. 1997ರಲ್ಲಿ ಪಕ್ಕದ ಕಿವಳೆ, ಮಾಮುರ್ಡಿ, ರಾವೇತ ಮುಂತಾದ ಗ್ರಾಮಗಳು ಇದೇ ಪಾಲಿಕೆಗೆ ಸೇರಿದವು. ಸೇರ್ಪಡೆ ಒಂದು ಆದೇಶದಲ್ಲಿ ಮುಗಿಯಿತು, ಸೌಲಭ್ಯಗಳು ವರ್ಷಗಟ್ಟಲೆ ಕಾಯಿಸಿದವು.

ಕೈ ಬದಲಾದರೆ ಶುಲ್ಕವೂ ಬದಲಾಗಬಹುದು. ಮಹಾರಾಷ್ಟ್ರ ಸರಕಾರ 2023ರ ಆಗಸ್ಟ್ 15ರಿಂದ ತನ್ನ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆಯನ್ನು ಉಚಿತ ಮಾಡಿತು. ಆದರೆ ಆ ನಿರ್ಣಯ ಇಲಾಖೆಯ ಆಸ್ಪತ್ರೆಗಳಿಗೆ ಮಾತ್ರ, ಪಾಲಿಕೆಗಳ ದರಪಟ್ಟಿ ಬೇರೆಯೇ. ಹಾಗಾಗಿ ಆಸ್ಪತ್ರೆ ರಾಜ್ಯದ ಕೈಗೋ ಪಾಲಿಕೆಯ ಕೈಗೋ ಎಂಬುದು ಕೇಸ್ ಪೇಪರಿನ ಬೆಲೆಯನ್ನೇ ತೀರ್ಮಾನಿಸುವ ಪ್ರಶ್ನೆ. ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕು ಉಂಟು. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಲಾಭಕ್ಕೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ ಬೇಕು. ಇಂಡಿ, ಆಳಂದ ಕಡೆಯ ಹಳ್ಳಿಯ ಕಾರ್ಡನ್ನೇ ಇಟ್ಟುಕೊಂಡು ಇಲ್ಲಿ ದುಡಿಯುತ್ತಿರುವವರಿಗೆ ಆ ಬಾಗಿಲು ತೆರೆಯುವುದಿಲ್ಲ. ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದಲ್ಲೂ ನಡೆಯುತ್ತದೆ ನಿಜ, ಆದರೆ ಅದು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದವರಿಗೆ. ಜ್ವರದ ಮಾತ್ರೆಗೆ ಅದು ಸಿಗದು. ಕಾರ್ಡು ಕೇಳದೆ ನೋಡುವ ಊರಾಸ್ಪತ್ರೆಯ ಬೆಲೆ ಗೊತ್ತಾಗುವುದು ಇಂಥಲ್ಲೇ.

ಇದನ್ನೆಲ್ಲ ಕೇಳಬೇಕಾದವರು ಯಾರು? ಮೊದಲಾಗಿದ್ದರೆ ವಾರ್ಡಿನ ಸದಸ್ಯರು. 2015ರ ಜನವರಿಯಲ್ಲಿ ಚುನಾಯಿತವಾದ ಬೋರ್ಡುಗಳ ಅವಧಿ, ವಿಸ್ತರಣೆಯೂ ಸೇರಿ, 2021ರ ಫೆಬ್ರವರಿಗೆ ಮುಗಿಯಿತು. ಆ ಬಳಿಕ ಸೇನಾಧಿಕಾರಿ ಅಧ್ಯಕ್ಷರು, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಮತ್ತು ನಾಮನಿರ್ದೇಶಿತ ಒಬ್ಬ ನಾಗರಿಕ ಸದಸ್ಯರ ಸಣ್ಣ ಮಂಡಳಿ ಬಂತು. 2023ರ ಏಪ್ರಿಲ್ 30ಕ್ಕೆ 57 ಕಂಟೋನ್ಮೆಂಟುಗಳಲ್ಲಿ ಚುನಾವಣೆ ಎಂದು ಸಾರಿ, ಮಾರ್ಚ್ ತಿಂಗಳಲ್ಲೇ ಅದನ್ನು ರದ್ದುಪಡಿಸಲಾಯಿತು. ಊರಿನ ಹಣೆಬರಹ ಬರೆಯುವ ಹೊತ್ತಿಗೆ ಊರಿನಿಂದ ಆರಿಸಿ ಹೋದವರೇ ಇಲ್ಲದಿರುವುದು ವಿಪರ್ಯಾಸವೇ ಸರಿ.

ಉಳಿದಿರುವುದು ಕಾಯ್ದೆಯ ಒಂದು ಕಿಟಕಿ. 2006ರ ಕಾಯ್ದೆಯ 4ನೇ ಕಲಮಿನಂತೆ ಕಂಟೋನ್ಮೆಂಟಿನ ಎಲ್ಲೆ ಬದಲಿಸುವ ಮೊದಲು ಕೇಂದ್ರ ಸರಕಾರ ರಾಜ್ಯ ಸರಕಾರವನ್ನೂ ಬೋರ್ಡನ್ನೂ ಕೇಳಿ ಅಧಿಸೂಚನೆ ಹೊರಡಿಸಬೇಕು. ಅದು ಪ್ರಕಟವಾದ ಎಂಟು ವಾರದೊಳಗೆ ಯಾವನೇ ನಿವಾಸಿ ಬರವಣಿಗೆಯಲ್ಲಿ ಆಕ್ಷೇಪ ಸಲ್ಲಿಸಬಹುದು, ಸರಕಾರ ಅದನ್ನು ಪರಿಗಣಿಸಬೇಕು. ನಿವಾಸಿ ಎಂದರೆ ಮನೆಯ ಒಡೆಯ ಮಾತ್ರವಲ್ಲ ಎಂಬುದನ್ನು ಸಮಾಜ ಬಾಂಧವರು ವಿಶೇಷವಾಗಿ ಗಮನಿಸಬೇಕು. ಸಾಮಾನ್ಯವಾಗಿ ಅಲ್ಲಿ ವಾಸಿಸುವವರು, ವ್ಯಾಪಾರ ನಡೆಸುವವರು, ಬಾಡಿಗೆಗೆ ಇರುವವರು ಎಲ್ಲರೂ ಇದರಲ್ಲಿ ಬರುತ್ತಾರೆ. ಇಡ್ಲಿ ಗಾಡಿಯವನೂ ಬರೆಯಬಹುದು, ಮನೆಗೆಲಸದ ಬಾಯಿಯೂ ಬರೆಯಬಹುದು.

ಆಸ್ಪತ್ರೆಯ ಬಗ್ಗೆ ಜನರನ್ನು ಕೇಳುವುದು ಲೋಕದಲ್ಲಿ ಹೊಸತೇನಲ್ಲ. ಮಹಾರಾಷ್ಟ್ರದಲ್ಲೇ 2007ರಿಂದ ಪುಣೆ ಸೇರಿದಂತೆ ಕೆಲವು ಜಿಲ್ಲೆಗಳ ಗ್ರಾಮೀಣ ಆರೋಗ್ಯ ಕೇಂದ್ರಗಳ ಬಗ್ಗೆ ಜನಸುನಾವಣಿ ನಡೆದು, ಹಳ್ಳಿಯ ಹೆಂಗಸರು ಅಧಿಕಾರಿಗಳ ಎದುರೇ ಔಷಧವಿಲ್ಲದ ಲೆಕ್ಕ ಒಪ್ಪಿಸಿದ್ದುಂಟು. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಊರಿನ ಕಥೆಯಂತೂ ಸ್ವಾರಸ್ಯಕರ. ಅಲ್ಲಿಯ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು 2000ದಲ್ಲಿ ಮುಚ್ಚಿದಾಗ ಜನ ಸಿಟ್ಟಿಗೆದ್ದರು. ಮರುವರ್ಷದ ಚುನಾವಣೆಯಲ್ಲಿ ರಿಚರ್ಡ್ ಟೇಲರ್ ಎಂಬ ನಿವೃತ್ತ ಡಾಕ್ಟರು ಆಸ್ಪತ್ರೆಯ ವಿಷಯವೊಂದನ್ನೇ ಹಿಡಿದು ನಿಂತು, 17 ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದು ಪಾರ್ಲಿಮೆಂಟಿಗೆ ಹೋದರು. 2005ರಲ್ಲೂ ಗೆದ್ದರು. ದೇಹೂ ರೋಡಿನವರಿಗೆ ಮತಪೆಟ್ಟಿಗೆಯ ಆ ದಾರಿ ಸದ್ಯಕ್ಕೆ ತೆರೆದಿಲ್ಲ, ಕಾಗದದ ದಾರಿ ಇದೆ.

ನಮ್ಮ ನಾಡಿನ ಅನುಭವವೂ ಒಂದಿದೆ. ಬೆಂಗಳೂರಿನ ದಂಡು ಪ್ರದೇಶ 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ನಗರದ ಜೊತೆ ಒಂದೇ ಕಾರ್ಪೊರೇಷನ್ನಿನಲ್ಲಿ ಸೇರಿತು. ದಂಡಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಮುಚ್ಚಿಹೋಗಲಿಲ್ಲ. ಸರಕಾರಿ ಆಸ್ಪತ್ರೆಯಾಗಿ ಉಳಿದು, ಬೆಳೆದು, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಆಯಿತು. ಎಲ್ಲೆ ಬದಲಾದರೆ ಆಸ್ಪತ್ರೆಗೆ ಕೇಡೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಈಗ ಕರ್ನಾಟಕದಲ್ಲಿ ಉಳಿದಿರುವ ಒಂದೇ ಕಂಟೋನ್ಮೆಂಟ್ ಬೋರ್ಡಾದ ಬೆಳಗಾವಿಯಲ್ಲೂ ಇದೇ ಬೇರ್ಪಡಿಕೆಯ ಚರ್ಚೆ ನಡೆದಿದೆ. 2022ರಲ್ಲಿ ಆಯುರ್ವೇದ ಘಟಕ ತೆರೆಯಲು ಆರಿಸಿದ 37 ಕಂಟೋನ್ಮೆಂಟ್ ಆಸ್ಪತ್ರೆಗಳ ಪಟ್ಟಿಯಲ್ಲಿ ದೇಹೂ ರೋಡ್ ಮತ್ತು ಬೆಳಗಾವಿ ಎರಡೂ ಇದ್ದವು. ಊರಿನಲ್ಲಿ ಅಣ್ಣ, ಇಲ್ಲಿ ತಮ್ಮ ಎಂಬಂತೆ ಎರಡೂ ಕಡೆ ನೆಂಟಸ್ತಿಕೆ ಇರುವ ಮನೆಗಳು ಪರಸ್ಪರ ವಿಚಾರಿಸಿಕೊಂಡರೆ ಉಪಯೋಗವಾದೀತು.

ಅರ್ಜಿಯಲ್ಲಿ ಏನು ಬರೆಯಬೇಕು? ಸೇರ್ಪಡೆ ಬೇಕು ಅಥವಾ ಬೇಡ ಎಂಬ ಒಂದು ಸಾಲಿನಿಂದ ಆಸ್ಪತ್ರೆಗೆ ಲಾಭವಿಲ್ಲ. ಸೇರ್ಪಡೆ ಬೇಕೆನ್ನುವವರೂ ಷರತ್ತು ಬರೆಯಬಹುದು. ಇಂದು ಇರುವ ಹಾಸಿಗೆಗಳೆಷ್ಟು, ಹುದ್ದೆಗಳೆಷ್ಟು, ಅವುಗಳಲ್ಲಿ ತುಂಬಿದವೆಷ್ಟು ಎಂಬ ಪಟ್ಟಿಯನ್ನು ವರ್ಗಾವಣೆಗೆ ಮೊದಲೇ ಪ್ರಕಟಿಸಬೇಕೆಂದು ಕೇಳಬಹುದು. ಈ ಅಂಕಿಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದಲ್ಲಿ ಈಗಲೇ ಪಡೆಯುವುದೂ ಸಾಧ್ಯ. ರಾತ್ರಿಪಾಳಿ ಮತ್ತು ಹೆರಿಗೆ ಸೇವೆ, ಆಂಬುಲೆನ್ಸ್, ಸಿಬ್ಬಂದಿಯ ಸಂಬಳ ಮತ್ತು ಪಿಂಚಣಿಯ ಹೊಣೆ ಯಾರದೆಂದು ಕೇಳಬೇಕು. ಸಂಬಳ ನಿಂತ ಆಸ್ಪತ್ರೆಯಲ್ಲಿ ಸೇವೆ ನಿಲ್ಲಲು ತಡವಾಗದು. ನೆಲ ಕೇಂದ್ರದ್ದೇ ಆಗಿ ಉಳಿದರೆ ಮುಂದೆ ಅದೇ ಆವರಣದಲ್ಲಿ ಹೊಸ ವಾರ್ಡ್ ಕಟ್ಟಲು ಯಾರ ಅನುಮತಿ ಎಂಬುದೂ ಕಾಗದದಲ್ಲಿ ಬರಬೇಕು. ಕೇಸ್ ಪೇಪರಿನ ದರ ಮತ್ತು ಬೇರೆ ರಾಜ್ಯದ ಕಾರ್ಡಿನವರ ಚಿಕಿತ್ಸೆಯ ಬಗ್ಗೆ ಒಂದು ಸಾಲಾದರೂ ಇರಲಿ, ಏಕೆಂದರೆ ಆ ಸಾಲನ್ನು ಹೊರನಾಡಿನವರಲ್ಲದೆ ಬೇರೆ ಯಾರೂ ಬರೆಯುವುದಿಲ್ಲ.

ರಾಜ್ಯೋತ್ಸವ, ಅರಿಶಿನ-ಕುಂಕುಮ, ಪ್ರತಿಭಾ ಪುರಸ್ಕಾರಗಳನ್ನು ಅಚ್ಚುಕಟ್ಟಾಗಿ ನಡೆಸುವ ನಮ್ಮ ಸಂಘ-ಸಂಸ್ಥೆಗಳಿಗೆ ಒಂದು ರವಿವಾರ ಮೇಜು ಹಾಕಿ ಅರ್ಜಿ ಬರೆದುಕೊಡುವುದು ಕಷ್ಟದ ಕೆಲಸವಲ್ಲ. ಗೆಜೆಟ್ ಇಂಗ್ಲಿಷ್-ಹಿಂದಿಯಲ್ಲಿ ಬರುತ್ತದೆ, ಕಚೇರಿಯ ಮಾತು ಮರಾಠಿಯಲ್ಲಿ ನಡೆಯುತ್ತದೆ. ಕನ್ನಡ ಮಾತ್ರ ಬಲ್ಲ ಅಜ್ಜಿಯ ಮಂಡಿನೋವಿನ ಕಥೆ ಇಂಗ್ಲಿಷ್ ಅರ್ಜಿಯಾಗಬೇಕಾದರೆ ನಡುವೆ ಒಬ್ಬರು ಕುಳಿತು ಕೇಳಿ ಬರೆಯಲೇಬೇಕು. ನೂರು ಜನ ಸಹಿ ಮಾಡಿದ ಒಂದೇ ಅರ್ಜಿಗಿಂತ ನೂರು ಜನರ ನೂರು ಅರ್ಜಿ ಮೇಲು. ಪ್ರತಿಯೊಂದರಲ್ಲೂ ವಾಸದ ವಿಳಾಸ, ಎಷ್ಟು ವರ್ಷದಿಂದ ಇಲ್ಲಿದ್ದೇವೆ, ಆಸ್ಪತ್ರೆಗೆ ಯಾವ ಕಾರಣಕ್ಕೆ ಹೋಗುತ್ತೇವೆ ಎಂಬುದು ಬರಲಿ.

ಆಕ್ಷೇಪವನ್ನು ಕಳಿಸಬೇಕಾದದ್ದು ಕೇಂದ್ರ ಸರಕಾರಕ್ಕೆ, ಆದರೆ ಸಂಬಂಧಿಸಿದ ಕಮಾಂಡಿನ ಜನರಲ್ ಆಫೀಸರ್ ಕಮಾಂಡಿಂಗ್-ಇನ್-ಚೀಫ್ ಅವರ ಮುಖಾಂತರ. ದೇಹೂ ರೋಡ್ ಬರುವುದು ದಕ್ಷಿಣ ಕಮಾಂಡಿನಲ್ಲಿ, ಅದರ ಮುಖ್ಯ ಕಚೇರಿ ಪುಣೆಯಲ್ಲೇ ಇದೆ. ಸ್ಪೀಡ್ ಪೋಸ್ಟಿನಲ್ಲಿ ಹಾಕಿದರೆ ರಸೀದಿಯನ್ನೂ, ಕೈಯಾರೆ ಕೊಟ್ಟರೆ ಶಿಕ್ಕಾ ಹಾಕಿಸಿಕೊಂಡ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಎಂಟು ವಾರದ ಎಣಿಕೆ ಶುರುವಾಗುವುದು ಅಧಿಸೂಚನೆ ಪ್ರಕಟವಾದ ದಿನದಿಂದ, ಅದು ನಮ್ಮ ಕಿವಿಗೆ ಬಿದ್ದ ದಿನದಿಂದಲ್ಲ.