ಸಿಂಗಪುರ ಸೋತ ವಾರ, ಅಲ್ಲಿದ್ದ ಮೈಸೂರು ಪಟಾಲಂ

ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಬಂದಿಳಿದರೆ ಎಷ್ಟು ದೂರವೋ, ಸಿಂಗಪುರ ದ್ವೀಪದ ಉದ್ದ ಅದಕ್ಕಿಂತ ಕೊಂಚ ಹೆಚ್ಚು, ಅಷ್ಟೇ. 1942ರ ಫೆಬ್ರವರಿಯಲ್ಲಿ ಒಂದೇ ವಾರಕ್ಕೆ ಅದು ಬ್ರಿಟಿಷರ ಕೈತಪ್ಪಿ ಜಪಾನಿನ ಪಾಲಾಯಿತು. ಮಕ್ಕಳಿಗೆ ಎರಡನೇ ಮಹಾಯುದ್ಧದ ಪಾಠ ಮಾಡುವಾಗ ಪರ್ಲ್ ಹಾರ್ಬರಿನಿಂದ ನೇರ ಹಿರೋಶಿಮಾಕ್ಕೆ ಜಿಗಿಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ನಡುವಿನ ಈ ಸೋಲಿನಲ್ಲಿ ನಮ್ಮ ಸಂಸ್ಥಾನದ 1ನೇ ಮೈಸೂರು ಇನ್‌ಫೆಂಟ್ರಿಯೂ ಇತ್ತಲ್ಲ! ವಿಮಾನ ನಿಲ್ದಾಣಗಳ ಕಾವಲಿಗೆಂದು ಕಳಿಸಿದ್ದ ಪಟಾಲಂ ಅದು. ಆಗ ನಮ್ಮ ಎರಡೂ ತಾಲ್ಲೂಕುಗಳು ಮೈಸೂರು ಜಿಲ್ಲೆಯವು. ಜಯಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ.

“ಬುಡಿ ಮೇಷ್ಟ್ರೇ, ಅದು ಪರಂಗಿಯೋರ ಜಗ್ಳ, ನಮ್ಗೇನು?” ಎಂದಿದ್ದರು ತೆರಕಣಾಂಬಿಯ ಹಿರಿಯರೊಬ್ಬರು. ಜಗಳ ಪರಂಗಿಯವರದೇ ಇರಬಹುದು. ಆದರೆ ಅಲ್ಲಿ ಸೆರೆಸಿಕ್ಕ ಸುಮಾರು 85,000 ಸೈನಿಕರಲ್ಲಿ ಅರ್ಧದಷ್ಟು ಜನ ಭಾರತೀಯರು.

ಸಿಂಗಪುರದ ಫಿರಂಗಿಗಳೆಲ್ಲ ಕಡಲಿಗೆ ಮುಖ ಮಾಡಿದ್ದವು, ಹಿಂದಕ್ಕೆ ತಿರುಗಲೇ ಇಲ್ಲ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಹಲವು ತಿರುಗಿದವು, ಗುಂಡನ್ನೂ ಹಾರಿಸಿದವು. ಆದರೆ ದೊಡ್ಡ ಫಿರಂಗಿಗಳಿಗೆ ಇದ್ದ ಗುಂಡುಗಳಲ್ಲಿ ಬಹುಪಾಲು ಹಡಗಿನ ಉಕ್ಕು ಸೀಳಲು ಮಾಡಿದಂಥವು. ನೆಲದ ಮೇಲೆ ಹರಡಿಕೊಂಡು ಬರುವ ಕಾಲಾಳುಗಳಿಗೆ ಅವುಗಳಿಂದ ಅಷ್ಟೇನೂ ಪೆಟ್ಟಾಗದು. ಬ್ರಿಟಿಷ್ ದಂಡನಾಯಕ ಪರ್ಸಿವಲ್ ಶತ್ರು ಈಶಾನ್ಯದಿಂದ ಬರುತ್ತಾನೆಂದು ಕಾದ. ಜಪಾನಿನ ಯಮಾಶಿತಾ ಫೆಬ್ರವರಿ 8ರ ರಾತ್ರಿ ವಾಯವ್ಯದ ಕಡೆಯಿಂದ, ಕಿಲೋಮೀಟರಿನಷ್ಟು ಅಗಲದ ಜಲಸಂಧಿ ದಾಟಿ ದೋಣಿಗಳಲ್ಲಿ ಬಂದಿಳಿದ. ಅವನ ಬಳಿ ಇದ್ದದ್ದು ಮೂವತ್ತು ಸಾವಿರದ ಆಸುಪಾಸಿನ ಸೈನ್ಯ, ಮದ್ದುಗುಂಡೂ ತಳ ಕಾಣುತ್ತಿತ್ತು.

ನನ್ನ ಲೆಕ್ಕದಲ್ಲಿ ಊರನ್ನು ಸೋಲಿಸಿದ್ದು ನೀರು. ದ್ವೀಪದ ನಡುವಿನ ಜಲಾಶಯಗಳು ಜಪಾನೀಯರ ಹಿಡಿತಕ್ಕೆ ಬಂದವು. ಬಾಂಬಿಗೆ ಒಡೆದ ಪೈಪುಗಳಿಂದ ಇದ್ದ ನೀರೂ ಬೀದಿಪಾಲಾಯಿತು. ನಿರಾಶ್ರಿತರು ಕಿಕ್ಕಿರಿದ ಪಟ್ಟಣ ಎಷ್ಟು ದಿನ ತಡೆದೀತು? ಬೋರ್‌ವೆಲ್ ಬತ್ತಿದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 15ರ ಸಂಜೆ ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಪರ್ಸಿವಲ್ ಶರಣಾದ.

17ರಂದು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನು ಬೇರೆಯಾಗಿ ಸೇರಿಸಿ ಜಪಾನೀಯರಿಗೆ ಒಪ್ಪಿಸಿದರು. ಮೋಹನ್ ಸಿಂಗ್ ಕಟ್ಟಿದ ಆಜಾದ್ ಹಿಂದ್ ಫೌಜಿಗೆ ಸಾವಿರಾರು ಮಂದಿ ಸೇರಿದರು. ಒಲ್ಲೆನೆಂದವರಲ್ಲಿ ಅನೇಕರನ್ನು ನ್ಯೂಗಿನಿ ಕಡೆಯ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಹಸಿವು, ಕಾಯಿಲೆಗೆ ಸತ್ತವರು ಅಸಂಖ್ಯ. ಪಾಠಪುಸ್ತಕ ಫೌಜಿನವರನ್ನು ನೆನೆಯುತ್ತದೆ, ಈ ಕೂಲಿಗಳನ್ನು ನೆನೆಯುವುದಿಲ್ಲ.

ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯದ ನಂತರ ಭಾರತೀಯ ಸೇನೆಗೆ ಸೇರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ನಿಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ತಾತನ ಪಟಾಲಂ ಕಾಗದವೋ ಮೆಡಲೋ ಇದ್ದರೆ ಗುಜರಿಗೆ ಹಾಕಬೇಡಿ, ಮೊದಲು ಅದರ ಮೇಲಿನ ಹೆಸರು, ನಂಬರು ಓದಿ.