ಉಗ್ಗಿಗೆ ಯಾರು ಹೊಣೆ?

ಬರ್ಲಿನ್‌ನ ಶಸ್ತ್ರವೈದ್ಯ ಯೋಹಾನ್ ಡೀಫೆನ್‌ಬಾಖ್ 1841ರಲ್ಲಿ ಉಗ್ಗುವವರ ನಾಲಿಗೆಯ ಬುಡದಿಂದ ಮಾಂಸದ ತುಂಡನ್ನೇ ಕತ್ತರಿಸಿ ತೆಗೆದ. ಅರಿವಳಿಕೆ ಇನ್ನೂ ಬಂದಿರದ ಕಾಲವದು. ಮಾತು ತಡವರಿಸಿದರೆ ತಪ್ಪು ನಾಲಿಗೆಯದೇ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚುವ ನಮ್ಮ ಅಜ್ಜಿಯರ ಲೆಕ್ಕವೂ ಹೆಚ್ಚುಕಡಿಮೆ ಅದೇ. ಕತ್ತಿ ಹಿಡಿಯಲಿಲ್ಲ, ಪುಣ್ಯ.

ಇಪ್ಪತ್ತನೆಯ ಶತಮಾನದಲ್ಲಿ ಆರೋಪ ಮಿದುಳಿನ ಮೇಲೆ ಬಂತು. ಮಿದುಳಿನ ಎಡ–ಬಲ ಭಾಗಗಳ ಯಜಮಾನಿಕೆಯ ಗೊಂದಲವೇ ಉಗ್ಗಿಗೆ ಮೂಲ ಎಂದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಲೀ ಟ್ರಾವಿಸ್ ವಾದಿಸಿದರು. ಅಲ್ಲಿ ಓದುತ್ತಿದ್ದ ವೆಂಡೆಲ್ ಜಾನ್ಸನ್‌ಗೂ ಉಗ್ಗಿತ್ತು. ಆ ಗೊಂದಲ ಕಳೆಯಲು, ಎಡಗೈ ರೂಢಿಯಾಗಲೆಂದು ಅವರ ಬಲಗೈಗೆ ಪ್ಲಾಸ್ಟರ್ ಕಟ್ಟಿದರು. ಉಗ್ಗು ಹೋಗಲಿಲ್ಲ.

ಮುಂದೆ ಜಾನ್ಸನ್ ಹೊಣೆಯನ್ನು ಹೆತ್ತವರ ಹೆಗಲಿಗೆ ದಾಟಿಸಿದರು. ಮಾತು ಕಲಿಯುವ ಮಕ್ಕಳೆಲ್ಲ ತಡವರಿಸುತ್ತವೆ, ಅದನ್ನು ಉಗ್ಗು ಎಂದು ಎತ್ತಿ ಆಡಿದರೆ ಅದು ನಿಜಕ್ಕೂ ಉಗ್ಗಾಗುತ್ತದೆ ಎಂಬುದು ಅವರ ವಾದ. 1939ರಲ್ಲಿ ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಇದನ್ನು ಅಯೋವಾದ ಡಾವೆನ್‌ಪೋರ್ಟ್‌ನ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗಿಸಿದರು. ಸರಾಗವಾಗಿ ಮಾತಾಡುತ್ತಿದ್ದ 6 ಮಕ್ಕಳಿಗೆ, ನಿಮಗೆ ಉಗ್ಗು ಶುರುವಾಗಿದೆ, ಸರಿಯಾಗಿ ಆಡಲಾಗದಿದ್ದರೆ ಬಾಯೇ ತೆರೆಯಬೇಡಿ ಎಂದು ಹೇಳಿದರು. ಆ ಮಕ್ಕಳಿಗೆ ಉಗ್ಗು ಬಂತೆನ್ನಲು ಪುರಾವೆ ಸಿಗಲಿಲ್ಲ, ಮಾತಾಡಲು ಅಂಜಿಕೆ ಬಂತು. 2001ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದ ಮೇಲೆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು.

ಎಲ್ಲರೂ ಮಾತಾಡುವುದು ಈ ಪ್ರಯೋಗದ ಬಗ್ಗೆಯೇ. ನನ್ನ ಪ್ರಕಾರ ಆ ಸಿದ್ಧಾಂತ ಮಾಡಿದ ದೊಡ್ಡ ಹಾನಿ ಬೇರೆ. ಮಗುವಿನೆದುರು ಉಗ್ಗಿನ ಸುದ್ದಿಯೇ ಬೇಡ ಎಂಬ ಸಲಹೆ ದಶಕಗಟ್ಟಲೆ ನಡೆಯಿತು. ತಾಯಂದಿರು ತಮ್ಮದೇ ತಪ್ಪೆಂದು ಕೊರಗಿದರು, ಚಿಕಿತ್ಸೆಯ ವಯಸ್ಸು ಜಾರಿಹೋಯಿತು.

ಈ ಸಲಹೆಯನ್ನು ತಿರುವುಮುರುವು ಮಾಡಿದ್ದು 1980ರ ದಶಕದಲ್ಲಿ ಸಿಡ್ನಿಯ ಲಿಡ್‌ಕೋಂಬ್‌ನಲ್ಲಿ ರೂಪುಗೊಂಡ ವಿಧಾನ. ಇಲ್ಲಿ ಅಪ್ಪ–ಅಮ್ಮನೇ ಚಿಕಿತ್ಸಕರು. ಆಟದ ನಡುವೆ ಮಗು ಸಲೀಸಾಗಿ ಹೇಳಿದಾಗ ‘ಎಷ್ಟು ಚೆನ್ನಾಗಿ ಹೇಳಿದೆ ಪುಟ್ಟಾ!’ ಅನ್ನುತ್ತಾರೆ. ಉಗ್ಗಿದಾಗ, ಅದೂ ಅಪರೂಪಕ್ಕೆ, ‘ಇನ್ನೊಂದ್ಸಲ ಹೇಳ್ತೀಯಾ?’ ಎಂದು ಮೆತ್ತಗೆ ಕೇಳುತ್ತಾರೆ. ಉಗ್ಗು ಎಷ್ಟಿತ್ತು ಎಂದು ದಿನವೂ ಅಂಕ ಹಾಕಿ, ವಾರಕ್ಕೊಮ್ಮೆ ತಜ್ಞರಿಗೆ ತೋರಿಸುತ್ತಾರೆ.

ಹೆತ್ತವರ ಮೇಲಿನ ಆರೋಪ ಈಗ ಬಿದ್ದುಹೋಗಿದೆ. ಪಾಕಿಸ್ತಾನದ ಕುಟುಂಬಗಳಿಂದ ಶುರುವಾದ ಅಧ್ಯಯನದಲ್ಲಿ ತಳಿವಿಜ್ಞಾನಿ ಡೆನ್ನಿಸ್ ಡ್ರೈನಾ ಅವರ ತಂಡ ಉಗ್ಗಿಗೆ ನಂಟಿರುವ ಜೀನ್‌ಗಳನ್ನು 2010ರಲ್ಲಿ ಗುರುತಿಸಿತು.

ಉಗ್ಗುವ ಮಕ್ಕಳಲ್ಲಿ ಬಹುಪಾಲಿಗೆ ತಾನಾಗಿಯೇ ಸರಿಹೋಗುತ್ತದೆ, ನಿಜ. ಆದರೆ ತಿಂಗಳುಗಳು ಕಳೆದರೂ ನಿಲ್ಲದಿದ್ದರೆ, ಮನೆತನದಲ್ಲಿ ಉಗ್ಗಿದ್ದರೆ, ಕಾಯುತ್ತ ಕೂರಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ; ಶಾಲೆಗೆ ಸೇರಿಸುವ ಮೊದಲೇ ಮಗುವನ್ನು ಒಮ್ಮೆ ತೋರಿಸಿ.